ಇರುವ ಡಿಂಗಿಗೇ ರೆಕ್ಕೆ ಕಟ್ಟುವುದೋ, ಹಾರುವ ದೋಣಿಯನ್ನೇ ಕೊಳ್ಳುವುದೋ?

ಸಾಧಾರಣ ಡಿಂಗಿಯನ್ನು, ಅಂದರೆ ಚಿಕ್ಕ ಹಾಯಿದೋಣಿಯನ್ನು, ನೀರೊಳಗಿನ ರೆಕ್ಕೆಯಾದ ಹೈಡ್ರೋಫಾಯಿಲ್ ಹಾಕಿ ನೀರಿನಿಂದ ಮೇಲಕ್ಕೆತ್ತಬಹುದೇ ಎಂದು ಕೇಳಿದರೆ ಉತ್ತರ ಸುಲಭ: ಎತ್ತಬಹುದು. ಹಾಕಿದ ಹಣಕ್ಕೆ ತಕ್ಕ ಮೋಜು ಸಿಗುತ್ತದೆಯೇ ಎಂದು ಕೇಳಿದರೆ ಮಾತ್ರ ಮಾತು ಉದ್ದವಾಗುತ್ತದೆ. ಅದನ್ನು ತೀರ್ಮಾನಿಸುವುದು ಫಾಯಿಲ್‌ನ ಬೆಲೆಯಲ್ಲ. ದೋಣಿಯ ತೂಕ, ನೀವು ಇಳಿಯುವ ನೀರಿನ ಆಳ ಮತ್ತು ಅಲ್ಲಿ ವಾರದಲ್ಲಿ ಎಷ್ಟು ದಿನ ಬಿರುಸಾದ ಗಾಳಿ ಬೀಸುತ್ತದೆ ಎಂಬುದು. ಮಾರಾಟದ ವಿಡಿಯೊಗಳಲ್ಲಿ ಈ ಮೂರೂ ಕಾಣುವುದಿಲ್ಲ. ದೋಣಿ ಮೊಣಕಾಲೆತ್ತರಕ್ಕೆ ಎದ್ದು ಸದ್ದಿಲ್ಲದೆ ಸಾಗುವ ಹತ್ತು ಸೆಕೆಂಡುಗಳಷ್ಟೇ ಕಾಣುತ್ತವೆ.

ಹೈಡ್ರೋಫಾಯಿಲ್ ಹೊಸದೇನಲ್ಲ. ಇಟಲಿಯ ಎನ್ರಿಕೊ ಫೊರ್ಲಾನಿನಿ 1906ರಲ್ಲೇ ಮಜ್ಜೋರೆ ಸರೋವರದಲ್ಲಿ ಯಂತ್ರದ ದೋಣಿಯೊಂದನ್ನು ಹೀಗೆ ಎಬ್ಬಿಸಿ ಓಡಿಸಿದ್ದರು. ಹಾಯಿಗೆ ಈ ವಿದ್ಯೆ ಗಟ್ಟಿಯಾಗಿ ಒಲಿದದ್ದು ತೀರ ಈಚೆಗೆ. 2005ರಲ್ಲಿ ಆಸ್ಟ್ರೇಲಿಯಾದ ರೋಹನ್ ವೀಲ್ ಫಾಯಿಲ್ ಹಾಕಿದ ಮಾತ್ ಎಂಬ ಒಬ್ಬರೇ ಓಡಿಸುವ ಪುಟ್ಟ ದೋಣಿಯಲ್ಲಿ ಆ ವರ್ಗದ ವಿಶ್ವ ಚಾಂಪಿಯನ್ ಆದ ಮೇಲೆ, ಫಾಯಿಲ್ ಇಲ್ಲದ ಮಾತ್‌ಗೆ ಗೆಲ್ಲುವ ಆಸೆ ಉಳಿಯಲಿಲ್ಲ. 2013ರ ಅಮೆರಿಕಾಸ್ ಕಪ್ ಹಾಯಿದೋಣಿ ಪಂದ್ಯದಲ್ಲಿ 72 ಅಡಿಯ ಕ್ಯಾಟಮರಾನ್‌ಗಳೇ, ಅಂದರೆ ಅವಳಿ ಒಡಲಿನ ದೋಣಿಗಳೇ, ಹಾರಿದವು. ನಾಕ್ರಾ 17 ಕ್ಯಾಟಮರಾನ್, ಐಕ್ಯೂಫಾಯಿಲ್ ಎಂಬ ಹಾಯಿಹಲಗೆಗಳ ಮೂಲಕ ಫಾಯಿಲ್ ಒಲಿಂಪಿಕ್ಸ್‌ಗೂ ಬಂದಿತು. ಇಷ್ಟನ್ನು ನೋಡಿದವರಿಗೆ ತಮ್ಮ ಹಳೆಯ ಡಿಂಗಿಯ ಕಡೆ ಕಣ್ಣು ಹೋಗುವುದು ಸಹಜ.

ಕೊಳ್ಳುವ ಮೊದಲು ಒಂದು ಲೆಕ್ಕ

ಫಾಯಿಲ್ ಎಂದರೆ ನೀರೊಳಗಿನ ರೆಕ್ಕೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರವಾದ್ದರಿಂದ ಪುಟ್ಟ ರೆಕ್ಕೆಯೇ ಮನುಷ್ಯನನ್ನೂ ದೋಣಿಯನ್ನೂ ಹೊತ್ತುಕೊಳ್ಳುತ್ತದೆ. ಆದರೆ ಎತ್ತುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಇಮ್ಮಡಿಯಾದರೆ ಬಲ ನಾಲ್ಕು ಪಟ್ಟು. ಮುಂದಿನ ತಾಪತ್ರಯಗಳೆಲ್ಲ ಇಲ್ಲಿಂದಲೇ ಹುಟ್ಟುತ್ತವೆ.

ಲೇಸರ್ ಎಂಬ ಹೆಸರಿನ, ಒಬ್ಬರೇ ಓಡಿಸುವ ಡಿಂಗಿಯನ್ನೇ ತೆಗೆದುಕೊಳ್ಳಿ. ಉದ್ದ 4.2 ಮೀಟರ್, ಒಡಲಿನ ತೂಕ ಸುಮಾರು 59 ಕಿಲೋ, ಹಾಯಿ 7 ಚದರ ಮೀಟರಿಗೆ ತುಸು ಹೆಚ್ಚು. ಹಾಯಿಕಂಬ, ಹಾಯಿ, ಫಾಯಿಲ್‌ಗಳೆಲ್ಲ ಸೇರಿ 90 ಕಿಲೋ ಎಂದೂ ಸವಾರ 75 ಕಿಲೋ ಎಂದೂ ಇಟ್ಟುಕೊಂಡರೆ ಎತ್ತಬೇಕಾದ ಹೊರೆ 165 ಕಿಲೋ. 8 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ 15 ಕಿಲೋಮೀಟರಿನ ಆಸುಪಾಸಿನಲ್ಲಿ, ಇದು ಮೇಲೇಳಬೇಕಾದರೆ ಹಿಂದಿನದೂ ಮುಂದಿನದೂ ಸೇರಿ ಸುಮಾರು 0.24 ಚದರ ಮೀಟರ್ ಫಾಯಿಲ್ ಬೇಕು. ಒಂದು ಮೀಟರ್ ಉದ್ದ, 12 ಸೆಂಟಿಮೀಟರ್ ಅಗಲದ ಎರಡು ರೆಕ್ಕೆಗಳು ಎನ್ನಿ. ಮೆಲ್ಲನೆಯ ಗಾಳಿಯಲ್ಲೂ ಏಳಲಿ ಎಂದು 6 ನಾಟ್‌ಗೆ ಲೆಕ್ಕ ಹಾಕಿದರೆ ವಿಸ್ತೀರ್ಣ 0.42 ಚದರ ಮೀಟರಿಗೆ ಹಾರುತ್ತದೆ. ಅಷ್ಟು ದೊಡ್ಡ ರೆಕ್ಕೆ ವೇಗ ಏರಿದ ಮೇಲೆ ನೀರಿನ ತಡೆಯಾಗಿ ಕಾಡುತ್ತದೆ; ಏಳುವ ಮೊದಲೂ ದೋಣಿಯನ್ನು ಹಿಂದಕ್ಕೆ ಜಗ್ಗುತ್ತದೆ.

ಇನ್ನೊಂದು ತೊಡಕು. ನೀರು ಸೀಳಿಕೊಂಡು ಹೋಗುವ ಲೇಸರ್ 5 ನಾಟ್‌ಗೆ ಹತ್ತಿರ ಬರುವಾಗ ತಾನೇ ಎಬ್ಬಿಸಿದ ಅಲೆಯ ಹಿಂದೆ ಸಿಕ್ಕಿಕೊಳ್ಳುತ್ತದೆ. 8 ನಾಟ್ ಮುಟ್ಟಬೇಕಾದರೆ ಅದು ಆ ಅಲೆಯನ್ನು ಏರಿ, ನೀರಿನ ಮೇಲೆ ಜಾರುವ ಹಂತಕ್ಕೆ, ಅಂದರೆ ಪ್ಲೇನಿಂಗ್‌ಗೆ ಬರಲೇಬೇಕು. ಅದೂ ಫಾಯಿಲ್‌ಗಳ ಹೆಚ್ಚುವರಿ ತಡೆಯನ್ನು ಹೊತ್ತುಕೊಂಡು. ಆದ್ದರಿಂದಲೇ ಇಂಥ ದೋಣಿಗೆ 12 ನಾಟ್‌ಗಿಂತ ಕಡಿಮೆ ಗಾಳಿಯಲ್ಲಿ ಹಾರಾಟದ ಆಸೆ ಇಟ್ಟುಕೊಳ್ಳಬೇಡಿ. ನೀರಿನ ಮೇಲೆ ಅಲ್ಲಲ್ಲಿ ಬಿಳಿ ನೊರೆ ಕಾಣುವಷ್ಟು ಗಾಳಿ ಬೇಕು.

ಬೇರೆ ಬೇರೆ ದೋಣಿಗಳನ್ನು ತೂಗಿ ನೋಡಲು ನಾನು ಬಳಸುವ ಅಳತೆ ಒಂದೇ: ಒಂದು ಚದರ ಮೀಟರ್ ಹಾಯಿಗೆ ಎಷ್ಟು ಕಿಲೋ ಹೊರೆ? ಮಾತ್ ದೋಣಿ ಸಜ್ಜಾಗಿ ನಿಂತರೂ 30 ಕಿಲೋ ದಾಟುವುದು ಅಪರೂಪ. ಸವಾರ ಸೇರಿ 105, ಹಾಯಿ ಸುಮಾರು 8 ಚದರ ಮೀಟರ್. ಅಂದರೆ ಚದರ ಮೀಟರಿಗೆ 13 ಕಿಲೋ. ಮೇಲಿನ ಲೇಸರ್‌ಗೆ ಇದು 23. ಇಬ್ಬರು ಕೂರುವ, ಒಡಲೇ 150 ಕಿಲೋ ಇರುವ ಮನೆಮಂದಿಯ ಡಿಂಗಿಗೆ 28ರಿಂದ 30. ಇಪ್ಪತ್ತರ ಕೆಳಗಿದ್ದರೆ ಹಾರಾಟ ಸಲೀಸು, 25ರವರೆಗೆ ಒಳ್ಳೆಯ ಗಾಳಿ ಬಂದ ದಿನದ ಆಟ. 30ಕ್ಕೆ ಹತ್ತಿರವಿದ್ದರೆ ಆ ಯೋಚನೆಯನ್ನೇ ಬಿಡುವುದು ಮೇಲು. ಸೂತ್ರದಿಂದ ಇಳಿಸಿದ ಗೆರೆಗಳಲ್ಲ ಇವು, ನನ್ನ ಅಂದಾಜು. ಆದರೂ ಆಸೆಗಣ್ಣಿಗಿಂತ ಇದು ವಾಸಿ.

ಚುಕ್ಕಾಣಿಗೆ ಮಾತ್ರ ಒಂದು ರೆಕ್ಕೆ

ಎಲ್ಲಕ್ಕಿಂತ ಅಗ್ಗದ ಆಯ್ಕೆ ಹಾರುವುದೇ ಇಲ್ಲ. ಚುಕ್ಕಾಣಿಯ ತುದಿಗೆ ತಲೆಕೆಳಗಾದ ಟಿ ಆಕಾರದಲ್ಲಿ ಚಿಕ್ಕದೊಂದು ಅಡ್ಡರೆಕ್ಕೆ ಕೂರಿಸುವುದಷ್ಟೇ. ಇಂಟರ್‌ನ್ಯಾಷನಲ್ 14 ವರ್ಗದ ದೋಣಿಗಳು ಇದನ್ನು ಬಹಳ ಕಾಲದಿಂದ ಬಳಸುತ್ತಿವೆ. ಅದು ದೋಣಿಯ ಹಿಂಭಾಗದ ಭಾರವನ್ನು ಸ್ವಲ್ಪ ಹೊತ್ತುಕೊಳ್ಳುತ್ತದೆ, ಅಲೆಗಳಲ್ಲಿ ದೋಣಿ ಮೂತಿ ಎತ್ತಿ ಕುಕ್ಕುವುದನ್ನು ತಗ್ಗಿಸುತ್ತದೆ. ಬಿರುಗಾಳಿಯಲ್ಲಿ ಗಾಳಿಯ ಜೊತೆಗೆ ಓಡುವಾಗ ಮೂತಿ ನೀರಿಗೆ ನುಗ್ಗಿ ಪಲ್ಟಿ ಹೊಡೆಯುವ ಭಯವೂ ಕಡಿಮೆಯಾಗುತ್ತದೆ.

ಮಂದ ಗಾಳಿಯಲ್ಲಿ ಇದರಿಂದ ನಷ್ಟವೇ. ತಡೆ ಹೆಚ್ಚುತ್ತದೆ, ಲಾಭವಿಲ್ಲ. ಚುಕ್ಕಾಣಿಯ ಕೀಲುಗಳನ್ನು ಪಕ್ಕದ ಒತ್ತಡಕ್ಕಷ್ಟೇ ಮಾಡಿರುತ್ತಾರೆ. ಈಗ ಅವುಗಳ ಮೇಲೆ ಮೇಲಕ್ಕೂ ಕೆಳಕ್ಕೂ ಎಳೆತ ಬರುತ್ತದೆ. ಹಿಂಬದಿಯ ಹಲಗೆಗೆ ಒಳಗಿನಿಂದ ಆಸರೆ ಕೊಡದೆ, ಚುಕ್ಕಾಣಿ ಮೇಲಕ್ಕೆ ಕಳಚಿಕೊಳ್ಳದಂತೆ ಪಿನ್ ಹಾಕದೆ ನೀರಿಗಿಳಿದರೆ ಚುಕ್ಕಾಣಿ ಎಲ್ಲೋ ನೀವು ಎಲ್ಲೋ. ಭಾರದ ದೋಣಿ ಇರುವವರಿಗೆ, ಅಲೆ ಹೆಚ್ಚಿರುವ ನೀರಿನಲ್ಲಿ ಓಡಿಸುವವರಿಗೆ ನಾನು ಹೇಳುವುದು ಇದನ್ನೇ. ಹಾರಾಟವಿಲ್ಲದಿದ್ದರೂ ದೋಣಿಯ ಸ್ವಭಾವ ಬದಲಾದದ್ದು ಕೈಗೆ ತಿಳಿಯುತ್ತದೆ.

ಸಿದ್ಧ ಕಿಟ್

ಇರುವ ಒಡಲಿಗೆ ತೂತು ಕೊರೆಯದೆ ಜೋಡಿಸಿ, ಬೇಡವೆನಿಸಿದಾಗ ಬಿಚ್ಚಿಡಬಹುದಾದ ಕಿಟ್‌ಗಳಲ್ಲಿ ಹೆಚ್ಚು ಹೆಸರಾದದ್ದು ಲೇಸರ್‌ಗೆ ಆಸ್ಟ್ರೇಲಿಯಾದಲ್ಲಿ ರೂಪಿಸಿದ ಗ್ಲೈಡ್ ಫ್ರೀ. ಅದಕ್ಕೂ ಮುಂಚೆ ಬ್ರಿಟನ್ನಿನಲ್ಲಿ ಆರ್‌ಎಸ್600 ಡಿಂಗಿಯನ್ನು ಫಾಯಿಲಿಂಗ್‌ಗೆ ಮಾರ್ಪಡಿಸಿದ ಆರ್‌ಎಸ್600 ಎಫ್‌ಎಫ್ ಬಂದಿತ್ತು. ದೋಣಿ ಪಕ್ಕಕ್ಕೆ ಜಾರದಂತೆ ನಡುವೆ ನೀರಿಗೆ ಇಳಿಬಿಡುವ ಹಲಗೆ, ಅಂದರೆ ಡ್ಯಾಗರ್‌ಬೋರ್ಡ್, ಇರುವ ಜಾಗಕ್ಕೆ ಟಿ ಆಕಾರದ ಮುಖ್ಯ ಫಾಯಿಲ್, ಚುಕ್ಕಾಣಿಯ ಜಾಗಕ್ಕೆ ಇನ್ನೊಂದು ಟಿ, ಎತ್ತರ ಅರಿಯಲು ನೀರು ತಡವುವ ಒಂದು ಕಡ್ಡಿ. ಇಂಥ ಕಿಟ್‌ನ ಮೈಕಟ್ಟು ಇಷ್ಟೇ.

ಆ ಕಡ್ಡಿಗೆ ವಾಂಡ್ ಎನ್ನುತ್ತಾರೆ. ಇಡೀ ವ್ಯವಸ್ಥೆಯ ಬುದ್ಧಿ ಇರುವುದು ಅದರಲ್ಲಿ. ದೋಣಿ ತಗ್ಗಿನಲ್ಲಿದ್ದಾಗ ನೀರು ವಾಂಡನ್ನು ಹಿಂದಕ್ಕೆ ತಳ್ಳುತ್ತದೆ. ಆ ಚಲನೆ ಸರಳೊಂದರ ಮೂಲಕ ಮುಖ್ಯ ಫಾಯಿಲ್‌ನ ಹಿಂದಿನ ಅಂಚಿಗೆ ಕೀಲಿಸಿದ ಫ್ಲ್ಯಾಪ್ ಎಂಬ ಪಟ್ಟಿಗೆ ಹೋಗಿ ಅದನ್ನು ಕೆಳಕ್ಕೆ ಬಾಗಿಸುತ್ತದೆ, ಎತ್ತುವ ಬಲ ಹೆಚ್ಚುತ್ತದೆ. ದೋಣಿ ಎದ್ದಂತೆ ವಾಂಡ್ ಮುಂದಕ್ಕೆ ಜೋತು ಫ್ಲ್ಯಾಪ್ ಮೇಲೇಳುತ್ತದೆ, ಬಲ ತಗ್ಗುತ್ತದೆ. 8 ನಾಟ್‌ಗೆ ಎದ್ದ ದೋಣಿ 16 ನಾಟ್‌ನಲ್ಲಿ ನಾಲ್ಕು ಪಟ್ಟು ಬಲದಿಂದ ನೀರಿನಿಂದಾಚೆಗೆ ನೆಗೆಯದಂತೆ ತಡೆಯುವುದು ಈ ಕಡ್ಡಿಯೇ. ಕಿಟ್ ನೋಡಲು ಹೋದಾಗ ಫಾಯಿಲ್‌ನ ಹೊಳಪಿಗೆ ಮರುಳಾಗುವ ಮೊದಲು ವಾಂಡ್‌ನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ. ಫ್ಲ್ಯಾಪ್ ಕದಲುವ ಮುನ್ನ ಕಡ್ಡಿ ಎಷ್ಟು ಸುಮ್ಮನೆ ಓಲಾಡುತ್ತದೆ? ಕೀಲುಗಳ ಈ ಸಡಿಲ ಕೆಲವು ಮಿಲಿಮೀಟರಿದ್ದರೂ ದೋಣಿ ಸಮನಾಗಿ ಹಾರದೆ ಮೇಲೆ ಕೆಳಗೆ ಕುಪ್ಪಳಿಸುತ್ತದೆ. ಕೀಲಿನ ಬುಷ್ ಬದಲಿಸುವುದು ಸಣ್ಣ ಖರ್ಚು. ಇದೇ ಕಾರಣಕ್ಕೆ ಹಾರಲಾರದ ಕಿಟ್ ಎಂದು ಅಗ್ಗಕ್ಕೆ ಮಾರಿದವರಿದ್ದಾರೆ.

ಹೇಳದೆ ಬಿಡುವ ಸಂಗತಿ ದೋಣಿಯನ್ನು ನೀರಿಗಿಳಿಸುವ ಕಷ್ಟ. ಮಾಮೂಲಿ ಡ್ಯಾಗರ್‌ಬೋರ್ಡನ್ನು ಮೇಲಿನಿಂದ ಗೂಡಿಗೆ ಇಳಿಸುತ್ತೇವೆ, ದಡ ಹತ್ತಿರವಾದಾಗ ಮೇಲಕ್ಕೆಳೆಯುತ್ತೇವೆ. ಟಿ ಫಾಯಿಲ್‌ನ ಅಡ್ಡರೆಕ್ಕೆ ಆ ಸೀಳಿನಲ್ಲಿ ತೂರುವುದಿಲ್ಲ, ಕೆಳಗಿನಿಂದಲೇ ಏರಿಸಬೇಕು. ಎಂದರೆ ದೋಣಿಯನ್ನು ಪಕ್ಕಕ್ಕೆ ಮಲಗಿಸಿ, ಲಂಬದ ಕಂಬವನ್ನು ಗೂಡಿಗೆ ತುರುಕಿ, ಮೇಲಿನಿಂದ ಪಿನ್ ಹಾಕಿ, ವಾಂಡ್‌ನ ಸರಳು ಸಿಕ್ಕಿಸಿ, ಮಲಗಿದ ಸ್ಥಿತಿಯಲ್ಲೇ ಸೊಂಟಮಟ್ಟದ ನೀರಿಗೆ ನಡೆಸಿಕೊಂಡು ಹೋಗಿ ಅಲ್ಲಿ ನಿಲ್ಲಿಸಬೇಕು. ಗಾಳಿ 15 ನಾಟ್ ಇರುವಾಗ ಇದನ್ನು ಒಬ್ಬರೇ ಮಾಡುವುದು ಹಾರುವುದಕ್ಕಿಂತ ಕಷ್ಟ. ಕಲ್ಲಿನ ದಡ, ತಗ್ಗು ನೀರು, ದಟ್ಟ ಜೊಂಡು ಇರುವ ಕೆರೆ ನಿಮ್ಮದಾದರೆ ಇಲ್ಲಿಗೇ ನಿಲ್ಲಿಸಿ. ಜೊಂಡಿನ ಒಂದೇ ಎಳೆ ಫಾಯಿಲ್‌ಗೆ ಸುತ್ತಿಕೊಂಡರೂ ದೋಣಿ ಧೊಪ್ಪನೆ ಕೆಳಗಿಳಿಯುತ್ತದೆ.

ಡ್ಯಾಗರ್‌ಬೋರ್ಡಿನ ಗೂಡಿನ ಬಗ್ಗೆಯೂ ಯೋಚಿಸಿ. ಪಕ್ಕದ ಒತ್ತಡ ತಾಳಲೆಂದು ಕಟ್ಟಿದ ಗೂಡು ಈಗ ದೋಣಿಯನ್ನೂ ನಿಮ್ಮನ್ನೂ ಹೊರಬೇಕು. ಒಳ್ಳೆಯ ಕಿಟ್‌ಗಳು ಈ ಹೊರೆಯನ್ನು ಗೂಡಿನ ಅಂಚಿಗೆ ಬಿಡದೆ ಅಗಲವಾದ ತಟ್ಟೆಯ ಮೂಲಕ ಹರಡುತ್ತವೆ. ಹಳೆಯ ಒಡಲಿನಲ್ಲಿ ಗೂಡಿನ ಬುಡ ಒಮ್ಮೆ ಬಿರುಕು ಬಿಟ್ಟು ತೇಪೆ ಕಂಡಿದ್ದರೆ ಅಂಥ ದೋಣಿಗೆ ಕಿಟ್ ಬೇಡ.

ಇಷ್ಟೆಲ್ಲ ಹೇಳಿಯೂ ಕಿಟ್ ಪರವಾಗಿ ಒಂದು ಗಟ್ಟಿ ಮಾತಿದೆ. ಗಾಳಿ ಸತ್ತ ದಿನ ಅದನ್ನು ಬಿಚ್ಚಿಟ್ಟು ನಿಮ್ಮ ಹಳೆಯ ದೋಣಿಯಲ್ಲಿ ಎಂದಿನಂತೆ ಹೋಗಬಹುದು. ಮಾತ್ ಕೊಂಡವರಿಗೆ ಆ ಅನುಕೂಲವಿಲ್ಲ. ಕೈಗೆ ಒಗ್ಗಿದ ಹಾಯಿಯಲ್ಲೇ ಕಲಿಯಬಹುದು. ಆದರೆ ಕಿಟ್‌ಗೆ ಕೊಡುವ ಹಣದಲ್ಲಿ ಹಳೆಯ ಡಿಂಗಿಯನ್ನೇ ಇನ್ನೊಮ್ಮೆ ಕೊಳ್ಳಬಹುದು ಎಂದಾದರೆ ಅದು ಮೂಗಿಗಿಂತ ಮೂಗುತಿ ಭಾರ ಎಂಬ ಕಥೆ. ಲೇಸರ್‌ನಂಥ ವರ್ಗಗಳ ನಿಯಮಬದ್ಧ ಸ್ಪರ್ಧೆಗಳಲ್ಲಿ ಫಾಯಿಲ್ ಹಾಕಿ ಇಳಿಯುವಂತಿಲ್ಲ ಎಂಬುದೂ ನೆನಪಿರಲಿ.

ಕೈಯಾರೆ ಮಾಡುವವರಿಗೆ

ಇಲ್ಲಿ ದಾರಿ ಎರಡು. ಒಂದು, ನೀರಿನ ಮೇಲ್ಮೈಯನ್ನು ಸೀಳಿ ನಿಲ್ಲುವ ಓರೆ ಫಾಯಿಲ್‌ಗಳು: ದೋಣಿಯ ಎರಡೂ ಬದಿಯಿಂದ ವಿ ಆಕಾರದಲ್ಲಿ ಇಳಿಬಿಟ್ಟವು, ಇಲ್ಲವೇ ಮೆಟ್ಟಿಲು ಮೆಟ್ಟಿಲಾಗಿ ಏಣಿಯಂತೆ ಜೋಡಿಸಿದವು. ದೋಣಿ ಎದ್ದಷ್ಟೂ ರೆಕ್ಕೆಯ ಒಂದಷ್ಟು ಭಾಗ ನೀರಿನಿಂದ ಹೊರಬಂದು ಬಲ ತಾನಾಗಿಯೇ ತಗ್ಗುತ್ತದೆ. ವಾಂಡ್ ಬೇಡ, ಫ್ಲ್ಯಾಪ್ ಬೇಡ, ಸಡಿಲವಾಗಲು ಕೀಲುಗಳೇ ಇಲ್ಲ. ಡೇವಿಡ್ ಕೀಪರ್ ಎಂಬವರು ಏಣಿ ಫಾಯಿಲ್‌ಗಳ ‘ವಿಲ್ಲಿವಾ’ ಎಂಬ ಮೂರು ಒಡಲಿನ ದೋಣಿಯಲ್ಲಿ 1970ರಲ್ಲಿ ಕ್ಯಾಲಿಫೋರ್ನಿಯಾದಿಂದ ಹವಾಯಿಯವರೆಗೆ ಹೋದರು. ಬಹಳ ಸರಳವಾದ ವಿದ್ಯೆಯೇ ಸಾಗರ ದಾಟಿತು ಎಂಬುದು ಕೈಕೆಲಸದವರಿಗೆ ಧೈರ್ಯ ಕೊಡುವ ಸಂಗತಿ. ಕೊರತೆ ಎಂದರೆ ನೀರಿನ ತಡೆ ಹೆಚ್ಚು, ಮತ್ತು ಫಾಯಿಲ್‌ನ ಮೇಲ್ಮುಖಕ್ಕೆ ಗಾಳಿ ಇಳಿದು ಎತ್ತುವ ಬಲ ಒಮ್ಮೆಗೇ ಕೈಕೊಡುವುದು. ಇದಕ್ಕೆ ವೆಂಟಿಲೇಷನ್ ಎನ್ನುತ್ತಾರೆ. ಫಾಯಿಲ್‌ಗೆ ಅಲ್ಲಲ್ಲಿ ಅಡ್ಡ ಬೇಲಿಗಳನ್ನು ಅಂಟಿಸಿ ಇದನ್ನು ಒಂದು ಮಟ್ಟಿಗೆ ಹತೋಟಿಗೆ ತರಬಹುದು.

ಇನ್ನೊಂದು, ಪೂರ್ತಿ ಮುಳುಗಿರುವ ಟಿ ಫಾಯಿಲ್, ವಾಂಡ್ ಸಮೇತ. ಮಾತ್ ವರ್ಗದಲ್ಲಿ ಓರೆ ಫಾಯಿಲ್‌ಗಳನ್ನು ಪ್ರಯತ್ನಿಸಿದವರಿದ್ದರು. ಕೊನೆಗೆ ಉಳಿದದ್ದು ಪರ್ತ್‌ನ ಇಲೆಟ್ ಸಹೋದರರು ಬೆಳೆಸಿದ, ಹಿಂದೊಂದು ಮುಂದೊಂದು ನಿಲ್ಲುವ ಟಿ ಫಾಯಿಲ್ ಜೋಡಿ. ತಡೆ ಕಡಿಮೆ, ಓಟ ನಯ. ಆದರೆ ಮಾಡುವ ಕೈ ಕರಾರುವಾಕ್ಕಾಗಿರಬೇಕು. ಎನ್‌ಎಸಿಎ 63-412, ಟಾಮ್ ಸ್ಪಿಯರ್ ರೂಪಿಸಿದ ಎಚ್‌105 ಮುಂತಾದ ರೆಕ್ಕೆಯ ಅಡ್ಡಕೊಯ್ತಗಳ ಅಳತೆಗಳು ಎಲ್ಲರಿಗೂ ಸಿಗುತ್ತವೆ. ಅವನ್ನು ಮರದಲ್ಲೋ ಫೋಮಿನಲ್ಲೋ ಕಡೆದು ಕಾರ್ಬನ್ ಬಟ್ಟೆ, ಎಪಾಕ್ಸಿ ಹೊದಿಸಬೇಕು. ಮುಂದಿನ ಅಂಚಿನ ಅರ್ಧ ಸೆಂಟಿಮೀಟರ್ ಉಬ್ಬು ತಗ್ಗಿಲ್ಲದೆ ಬಂದರೆ ಉಳಿದ ಕಡೆಯ ಸಣ್ಣಪುಟ್ಟ ಲೋಪ ನಡೆಯುತ್ತದೆ. ಮುರಿಯುವ ಜಾಗ ಎಂದಿಗೂ ಲಂಬದ ಕಂಬ ಅಡ್ಡರೆಕ್ಕೆಯನ್ನು ಕೂಡುವ ಗೇಣುದ್ದ. ಅಲ್ಲಿ ಕಾರ್ಬನ್ ಉಳಿಸಲು ಹೋಗಬೇಡಿ.

ನನ್ನ ಒಲವು ಕೇಳಿದರೆ: ಸ್ಥಿರವಾದ, ಅಗಲದ ದೋಣಿ ಇದ್ದು ಹಣಕ್ಕಿಂತ ಬಿಡುವು ಹೆಚ್ಚಿರುವವರು ಓರೆ ಫಾಯಿಲ್‌ನಿಂದ ಶುರು ಮಾಡಲಿ. ಯಾವುದೇ ಮಾಡಿದರೂ ಮೊದಲ ಪರೀಕ್ಷೆ ಹಾಯಿ ಇಲ್ಲದೆ ಆಗಲಿ. ಗಾಳಿ ಇಲ್ಲದ ಬೆಳಗ್ಗೆ ಮೋಟಾರ್ ದೋಣಿಯ ಹಿಂದೆ ಉದ್ದನೆಯ ಹಗ್ಗದಲ್ಲಿ ಕಟ್ಟಿ, ಅದರ ಅಲೆಯಿಂದ ಪಕ್ಕಕ್ಕೆ ಸರಿದು ಎಳೆಸಿಕೊಂಡರೆ ಯಾವ ವೇಗಕ್ಕೆ ಏಳುತ್ತದೆ, ಮೂತಿ ಮೇಲಾಗುತ್ತದೋ ಕೆಳಗಾಗುತ್ತದೋ ಎಂಬುದೆಲ್ಲ ಸಮಾಧಾನವಾಗಿ ತಿಳಿಯುತ್ತದೆ. ಹಗ್ಗವನ್ನು ಒಂದೇಟಿಗೆ ಬಿಡಿಸಿಕೊಳ್ಳುವ ವ್ಯವಸ್ಥೆ ಇರಲೇಬೇಕು.

ಬಳಸಿದ ಮಾತ್, ವಾಸ್ಪ್, ಯುಎಫ್‌ಒ

ಕಿಟ್‌ನ ಬೆಲೆಗೆ ತುಸು ಸೇರಿಸಿದರೆ ಹಾರಲೆಂದೇ ಹುಟ್ಟಿದ ಹಳೆಯ ದೋಣಿ ಸಿಗುವುದುಂಟು. ಹಳೆಯ ಮಾತ್‌ಗಳ ಬೆಲೆ ಬೇಗ ಇಳಿಯುತ್ತದೆ, ಏಕೆಂದರೆ ಸ್ಪರ್ಧಿಗಳಿಗೆ ಹೊಸದೇ ಬೇಕು. ಮೋಜಿಗೆ ಹಳೆಯದು ಧಾರಾಳ ಸಾಕು. ಆದರೆ ಮಾತ್‌ನ ಒಡಲು ಒಂದು ಅಡಿಯಷ್ಟೇ ಅಗಲ; ನಿಂತ ನೀರಿನಲ್ಲಿ ನಿಂತ ಮಾತ್ ನಿಲ್ಲುವುದೇ ಇಲ್ಲ, ಮಗುಚಿಕೊಳ್ಳುತ್ತದೆ. ಕಾರ್ಬನ್ ಒಡಲು ತೆಳು; ಮೊಣಕಾಲು ಊರಿದ ಜಾಗವೂ ಬಿರಿಯಬಹುದು. ಕೊಳ್ಳುವಾಗ ಸವಾರ ಕೂರುವ ಪಕ್ಕದ ರೆಕ್ಕೆಯ ಚೌಕಟ್ಟು ಒಡಲಿಗೆ ಸೇರುವ ಮೂಲೆ, ಫ್ಲ್ಯಾಪ್‌ನ ಕೀಲು ಪಟ್ಟಿ, ಫಾಯಿಲ್‌ಗಳ ಕೂಡುಜಾಗ, ಈ ಮೂರನ್ನು ಉಗುರಿನಿಂದ ಗೀರಿ, ಬೆಳಕಿಗೆ ಹಿಡಿದು ನೋಡಿ.

ಮಾತ್‌ನ ಮ್ಯಾಕ್ 2 ಮಾದರಿಯನ್ನು ರೂಪಿಸಿದ ಆಂಡ್ರ್ಯೂ ಮೆಕ್‌ಡೂಗಲ್ ಅವರೇ ತಂದದ್ದು ವಾಸ್ಪ್. ಅಳತೆ ಮಾತ್‌ನದೇ, 3.35 ಮೀಟರ್, ಫಾಯಿಲ್‌ಗಳಿಗೆ ಅಲ್ಯೂಮಿನಿಯಂ, ಹಾಯಿಕಂಬಕ್ಕೆ ಆಧಾರದ ತಂತಿಗಳಿಲ್ಲ. ಸಜ್ಜಾದ ತೂಕ ಸುಮಾರು 48 ಕಿಲೋ. ಮಾತ್‌ಗಿಂತ ತಡವಾಗಿ ಏಳುತ್ತದೆ, ಮಾತ್‌ಗಿಂತ ಹೆಚ್ಚು ಏಟು ತಿನ್ನುತ್ತದೆ. ಎಲ್ಲ ವಾಸ್ಪ್‌ಗಳೂ ಒಂದೇ ಬಗೆಯಾದ್ದರಿಂದ ಬಿಡಿಭಾಗ ಸಿಗುತ್ತದೆ, ಮತ್ತೆ ಮಾರುವಾಗಲೂ ಗಿರಾಕಿ ಇರುತ್ತಾರೆ. ಅಮೆರಿಕದ ಯುಎಫ್‌ಒ ಚಿಕ್ಕ ಅವಳಿ ಒಡಲಿನ ದೋಣಿ. ಫಾಯಿಲ್ ಮೇಲಕ್ಕೆಳೆದುಕೊಂಡು ತಗ್ಗು ನೀರಿನಲ್ಲೇ ಇಳಿಯಬಹುದು, ನಿಂತಾಗಲೂ ತಾನಾಗಿ ಮಗುಚುವುದಿಲ್ಲ. ದಡ ಕಷ್ಟದ್ದಾಗಿರುವವರಿಗೆ ಈ ಒಂದೇ ಗುಣ ಸಾಕು.

ಲೇಸರ್‌ಗೆ ಇಲ್ಲದ, ಈ ದೋಣಿಗಳಿಗಿರುವ ಇನ್ನೊಂದು ಬಲ ಅಗಲ. ಮಾತ್ ಕೂರುವ ಒಂದು ರೆಕ್ಕೆಯಿಂದ ಇನ್ನೊಂದಕ್ಕೆ 2.25 ಮೀಟರ್, ಲೇಸರ್ 1.4 ಮೀಟರಿನ ಆಸುಪಾಸು. ಗಾಳಿಯ ಬದಿಗೆ ದೂರ ಕುಳಿತಷ್ಟೂ ಹಾಯಿಯಿಂದ ಹೆಚ್ಚು ಬಲ ಹಿಂಡಬಹುದು. ಹಾರುವಾಗ ಮಾತ್ ದೋಣಿಯನ್ನು ಗಾಳಿಯ ಕಡೆಗೇ ವಾಲಿಸಿ ಓಡಿಸುತ್ತಾರೆ. ಕಿಟ್ ಹಾಕಿದ ಡಿಂಗಿಯಲ್ಲೂ ಕಲಿಯಬೇಕಾದ ಮೊದಲ ಪಾಠ ಇದೇ: ದೋಣಿ ಗಾಳಿ ಹೋಗುವ ಕಡೆಗೆ ವಾಲಿದರೆ ಎತ್ತುವ ಬಲ ಓರೆಯಾಗಿ, ದೋಣಿ ಜಾರಿ, ಎದ್ದಷ್ಟೇ ಬೇಗ ಬೀಳುತ್ತದೆ.

ದೋಣಿಯನ್ನು ಅದರ ಪಾಡಿಗೆ ಬಿಟ್ಟು

ಹಾರುವ ಅನುಭವವಷ್ಟೇ ಬೇಕು, ಡಿಂಗಿಯೇ ಹಾರಬೇಕೆಂಬ ಹಟವಿಲ್ಲ ಎನ್ನುವವರಿಗೆ ಫಾಯಿಲ್ ಹಲಗೆ ಮತ್ತು ಕೈಯಲ್ಲಿ ಹಿಡಿಯುವ ಗಾಳಿ ತುಂಬಿದ ರೆಕ್ಕೆ ಇದೆ. ವಿಂಗ್ ಫಾಯಿಲ್ ಎಂದು ಹೆಸರು. ದೋಣಿಯ ಭಾರವೇ ಇಲ್ಲದ್ದರಿಂದ ಮೇಲಿನ ಲೆಕ್ಕವೆಲ್ಲ ನಿಮ್ಮ ಪರವಾಗುತ್ತದೆ. ಕಾರಿನ ಡಿಕ್ಕಿಯಲ್ಲಿ ಹಿಡಿಸುತ್ತದೆ, ಬಳಸಿದ ಸಾಮಾನು ಧಾರಾಳವಾಗಿ ಸಿಗುತ್ತದೆ. ಕೂತು ಹಗ್ಗ ಹಿಡಿದು ಹಾಯಿ ನಡೆಸುವ ಸುಖ ಇದರಲ್ಲಿಲ್ಲ. ಮೊಣಕಾಲು, ಸೊಂಟ ಗಟ್ಟಿಯಿರಬೇಕು. ಹಣ ಒಂದನ್ನೇ ನೋಡಿದರೆ ಇದಕ್ಕೆ ಎದುರಿಲ್ಲ.

ನೀರಿಗಿಳಿಯುವ ಮುನ್ನ

ಫಾಯಿಲ್‌ನ ಅಂಚು ಚಾಕುವಿನಂತೆ ಕುಯ್ಯಬಲ್ಲದು. ಹೆಲ್ಮೆಟ್, ಪಕ್ಕೆಲುಬು ಕಾಯುವ ದಪ್ಪ ಅಂಗಿ, ತೇಲುಡುಗೆ, ಮೈಮುಚ್ಚುವ ಸೂಟ್, ಗಟ್ಟಿ ಬೂಟು ಇವೆಲ್ಲ ಖರ್ಚಿನ ಲೆಕ್ಕದೊಳಗೇ ಬರಲಿ. ಈಜುವವರಿರುವ ಕಡೆ ಹಾರಿಸುವ ಮಾತೇ ಇಲ್ಲ. ಮಗುಚಿದಾಗ ಡ್ಯಾಗರ್‌ಬೋರ್ಡ್ ಏರಿ ನಿಲ್ಲುವ ಅಭ್ಯಾಸವಿರುವವರು ಕಾಲನ್ನು ಅದರ ಬುಡದಲ್ಲೇ ಇಡಲಿ. ತುದಿಗೆ ಹೋದರೆ ಫಾಯಿಲ್‌ಗೂ ಕಾಲಿಗೂ ಕೇಡು. ವಿಮೆ ಇದ್ದರೆ ಮಾರ್ಪಡಿಸಿದ ದೋಣಿಗೂ ಅದು ಅನ್ವಯಿಸುತ್ತದೆಯೇ ಎಂದು ಬರವಣಿಗೆಯಲ್ಲಿ ಕೇಳಿಕೊಳ್ಳಿ.

ಕಿಟ್‌ಗೆ ಮುಂಗಡ ಕೊಡುವ ಮುನ್ನ ಎರಡು ಕೆಲಸ ಮಾಡಿ. ನೀವು ದೋಣಿ ಓಡಿಸುವ ಜಾಗದಲ್ಲಿ, ನೀರು ಅತಿ ಕಡಿಮೆ ಇರುವ ಕಾಲದಲ್ಲಿ, ಗುರುತು ಹಾಕಿದ ಗಳು ಇಳಿಬಿಟ್ಟು ಆಳ ಅಳೆಯಿರಿ. ಫಾಯಿಲ್ ಒಂದು ಮೀಟರ್ ಇಳಿದರೆ ಒಂದೂವರೆ ಮೀಟರ್ ನೀರು ಎಲ್ಲೆಡೆ ಇರಬೇಕು. ಆಮೇಲೆ ದೋಣಿಯನ್ನು ನಿಜವಾದ ತಕ್ಕಡಿಯಲ್ಲಿ ತೂಗಿ. ಕೈಪಿಡಿಯ ಅಂಕಿ ನಂಬಬೇಡಿ. ಹಳೆಯ ಫೈಬರ್‌ಗ್ಲಾಸ್ ಒಡಲಿನ ಒಳಗಿನ ಫೋಮ್ ವರ್ಷಗಟ್ಟಲೆ ನೀರು ಹೀರಿ ಹತ್ತು ಕಿಲೋ ಹೆಚ್ಚಾಗಿರಬಹುದು. ಹಾಗಿದ್ದರೆ ತಪಾಸಣೆಯ ಮುಚ್ಚಳ ತೆರೆದು, ನೆರಳಿನಲ್ಲಿ ಗಾಳಿಯಾಡಲು ಬಿಟ್ಟು ಒಣಗಿಸಿ, ಸೋರುವ ಜಾಗ ಹುಡುಕಿ ಮುಚ್ಚಿ, ಮತ್ತೆ ತೂಗಿ. ಕಿಟ್ ಮಾರುವವರಿಗೆ ಫೋನ್ ಮಾಡುವುದು ಆಮೇಲಿನ ಕೆಲಸ.